ಹೊನ್ನಯ್ಯನ ಹಂಪು, ಆರುನೂರು ಕುದುರೆ

ಕೊಪ್ಪದ ಹಾಲಿನ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವ ಚಲುವರಾಜುವಿನ ಹೆಂಡತಿ ಅಮೃತ ಮುನಿಸಿಕೊಂಡು ತವರಿಗೆ ಹೋಗಿ ಇಪ್ಪತ್ತಾರು ದಿನವಾಗಿತ್ತು. ಕಾರಣ ಬೇರೆ ಹೆಣ್ಣಲ್ಲ, ಕುಡಿತವಲ್ಲ, ಇಸ್ಪೀಟೂ ಅಲ್ಲ. ಕಾರಣ ಒಂದು ಜರ್ಮನಿಯ ಕಾರು. ಆ ಕಾರು ಚಲುವರಾಜುವಿನದಲ್ಲ. ಅದನ್ನು ಅವನು ಕಣ್ಣಾರೆ ಕಂಡಿರಲೂ ಇಲ್ಲ.

ಕಂಡದ್ದೆಲ್ಲ ಫೋನಿನಲ್ಲಿ. ಬೆಳಗಿನ ಹಾಲು ಮುಗಿದು ಸಂಜೆಯ ಹಾಲು ಬರುವವರೆಗೆ ಡೈರಿಯಲ್ಲಿ ಕೆಲಸವಿರುವುದಿಲ್ಲ. ಆ ಹೊತ್ತನ್ನೆಲ್ಲ ನಾಲ್ಕು ವರ್ಷ ಅವನು ಅದರ ವಿಡಿಯೋಗಳಿಗೆ ಸುರಿದಿದ್ದ. ನಾಲ್ಕು ಲೀಟರಿನ ಎಂಜಿನ್, ಎಂಟು ಸಿಲಿಂಡರ್, ಎರಡು ಟರ್ಬೊ, ಆರುನೂರು ಕುದುರೆಯ ಶಕ್ತಿ, ನಿಂತ ಜಾಗದಿಂದ ನೂರರ ವೇಗ ಮುಟ್ಟಲು ಮೂರು ಪಾಯಿಂಟ್ ಆರು ಸೆಕೆಂಡು. ಮದುವೆಯಾದ ತಾರೀಖನ್ನು ಅವನು ಎರಡು ಸಲ ಮರೆತಿದ್ದ. ಈ ಮೂರು ಪಾಯಿಂಟ್ ಆರನ್ನು ಒಂದು ಸಲವೂ ಮರೆತಿರಲಿಲ್ಲ.

ಊಟಕ್ಕೆ ಕೂತರೆ ತಟ್ಟೆಯ ಮುದ್ದೆಯೇ ಪಾಠದ ಸಾಮಾನು.

"ನೋಡು ಅಮೃತ, ಈ ಮುದ್ದೆನೇ ಎಂಜಿನ್ ಸಕ್ತಿ ಅನ್ಕೊ. ಬ್ಯಾರೆ ಕಾರಲ್ಲಿ ಇಡೀ ಮುದ್ದೆ ಎರಡೇ ಚಕ್ರಕ್ಕೆ ಓಯ್ತದೆ. ಇದ್ರಲ್ಲಿ ನಾಕಕ್ಕೂ ಪಾಲು. ಮುಂದ್ಲುವಕ್ಕೆ ನಲ್ವತ್ತು, ಇಂದ್ಲುವಕ್ಕೆ ಅರವತ್ತು. ಒಂದು ಚಕ್ರ ಕೆಸ್ರಲ್ಲಿ ಜಾರ್ತು ಅನ್ನು, ಅದ್ರ ಪಾಲು ಕಿತ್ಕಂಡು ನೆಲ ಕಚ್ಕಂಡಿರೋ ಚಕ್ರಕ್ಕೆ ಕೊಡ್ತದೆ."

ಪಾಲಾದ ಮುದ್ದೆ ಆರಿ ಕಲ್ಲಾಗುತ್ತಿತ್ತು. ಅಮೃತ ನಾಲ್ಕು ವರ್ಷ ಹೂಂಗುಟ್ಟಿದಳು. ಕಡೆಗೆ ಒಂದು ದಿನ ಅವಳಿಗೆ ದವಡೆ ಹಲ್ಲು ನೋವು ಬಂದು ಕೆನ್ನೆ ಊದಿಕೊಂಡಿತು, ಬಾಯಿ ತೆರೆಯಲು ಆಗಲಿಲ್ಲ. ಎದುರಿಗೆ ಕೂತವಳು ತಿರುಗಿ ಮಾತಾಡುವುದಿಲ್ಲ ಎಂಬುದು ಗಂಡನಿಗೆ ದೊಡ್ಡ ಅನುಕೂಲವಾಗಿ ಕಂಡಿತು. ಆ ಸಂಜೆ ಅವನು ಕಾರಿನ ಬ್ರೇಕು, ಗೇರು, ಚಕ್ರದ ಮೇಲಿನ ಗಾಳಿ ಚೀಲ, ಗುಂಡಿ ಒತ್ತಿದರೆ ಮೇಲೇಳುವ ಮೈ, ಹತ್ತೊಂಬತ್ತು ಸ್ಪೀಕರು ಎಲ್ಲವನ್ನೂ ಎರಡು ಗಂಟೆ ವಿವರಿಸಿದ. ಹಲ್ಲಿಗೆ ಮಾತ್ರೆ ತರುವುದು ಮರೆತುಹೋಯಿತು.

ಬೆಳಿಗ್ಗೆ ಅವಳು ಬಸ್ಸು ಹತ್ತಿ ಮಳವಳ್ಳಿ ಪಕ್ಕದ ತನ್ನೂರಿಗೆ ಹೋದಳು. ಹಲ್ಲು ವಾಸಿಯಾದ ದಿನ ಫೋನು ಮಾಡಿದಳು. "ಕಾರಿನ ಮಾತು ಬುಡೋಗಂಟ ನಾನು ಬರಾಕಿಲ್ಲ. ನಿಮ್ಮ ಮುದ್ದೆ ನೀವೇ ತೊಳಸ್ಕಂಡು ನೀವೇ ಪಾಲು ಮಾಡ್ಕಳಿ."

ಇಪ್ಪತ್ತಾರು ದಿನ ಗಂಟು ಗಂಟು ಮುದ್ದೆ ತಿಂದ ಚಲುವರಾಜು ಒಂದು ತೀರ್ಮಾನಕ್ಕೆ ಬಂದ. ಅವಳಿಗೆ ಕಾರಿನ ಮೇಲೆ ಸಿಟ್ಟಿರುವುದು ಅದರಲ್ಲಿ ಒಮ್ಮೆಯೂ ಕೂತಿಲ್ಲ ಎಂಬ ಕಾರಣಕ್ಕೆ. ಒಂದು ಸಲ ಕೂರಿಸಿದರೆ ಸಿಟ್ಟು ಮೂರು ಪಾಯಿಂಟ್ ಆರು ಸೆಕೆಂಡಿನಲ್ಲಿ ಇಳಿದುಹೋಗುತ್ತದೆ. ಇದು ತಪ್ಪು ತೀರ್ಮಾನ. ಆದರೆ ಅದೇ ವಾರ ಕಾರೇ ಕೊಪ್ಪಕ್ಕೆ ಬಂದು ನಿಂತಾಗ ಅವನಿಗೆ ಹಾಗನಿಸಲಿಲ್ಲ.

ತಂದವನು ಶಶಿಧರ್. ಚಲುವರಾಜುವಿನ ಜೊತೆ ಏಳನೇ ಕ್ಲಾಸಿನವರೆಗೆ ಓದಿ, ಆಮೇಲೆ ಮಂಡ್ಯ ಸೇರಿ ಕಂಟ್ರಾಕ್ಟು ಹಿಡಿದು ದೊಡ್ಡವನಾದವನು. ಮಾದೇಶ್ವರನ ಬೆಟ್ಟಕ್ಕೆ ಪಾದಯಾತ್ರೆ ಹೊರಟಿದ್ದ. ಮಂಡ್ಯದ ಮನೆಯ ಬೀದಿಗೆ ಮದುವೆ ಚಪ್ಪರ ಬಿದ್ದಿದ್ದರಿಂದ ಕಾರನ್ನು ಡೈರಿಯ ಶೀಟಿನ ಕೆಳಗೆ ಹೊದಿಕೆ ಹಾಕಿ ನಿಲ್ಲಿಸಿದ.

"ಲೇ ಚಲುವ, ಸುಮ್ನೆ ನಿಲ್ಸುದ್ರೆ ಬ್ಯಾಟ್ರಿ ಇಳ್ದೋಯ್ತದೆ ಕಣ್ಲಾ. ದಿನಾ ಒಂದು ರೌಂಡು ಓಡ್ಸು. ಡೈರಿ ಪಿಕಪ್ ಓಡ್ಸೋನಿಗೆ ಇದೇನು ಕಷ್ಟ."

ಒಂದು ರೌಂಡು ಎಂದರೆ ಎಷ್ಟು ಅಗಲದ ರೌಂಡು ಎಂದು ಶಶಿಧರ್ ಹೇಳಲಿಲ್ಲ. ನಾಲ್ಕು ದಿನ ಚಲುವರಾಜು ಊರು ಮಲಗಿದ ಮೇಲೆ ಡೈರಿಯಿಂದ ಕೆರೆ ಏರಿಯವರೆಗಿನ ರೌಂಡು ಹೊಡೆದ. ಐದನೆಯ ದಿನ, ಶುಕ್ರವಾರ, ರೌಂಡನ್ನು ಮಳವಳ್ಳಿಯವರೆಗೆ ಹಿಗ್ಗಿಸಿದ.

ಇಸ್ತ್ರಿ ಅಂಗಿ ತೊಟ್ಟು, ಕಪ್ಪು ಕನ್ನಡಕ ಹಾಕಿ, ಅಂಗಿಯ ಜೇಬಿನಲ್ಲಿ ಎಂದಿನಂತೆ ಹಾಲು ಅಳೆಯುವ ಗಾಜಿನ ಲ್ಯಾಕ್ಟೋಮೀಟರ್ ಸಿಕ್ಕಿಸಿಕೊಂಡು ಅವನು ಕಾರು ಹತ್ತುವುದನ್ನು ಡೈರಿಯ ಎದುರು ಮನೆಯ ಚಿಕ್ಕಬೋರಮ್ಮ ನೋಡಿದಳು. ಅವಳು ಡೈರಿಗೆ ದಿನಾ ನಾಲ್ಕು ಲೀಟರು ಹಾಲು ಹಾಕುವವಳು. ಚಲುವರಾಜು ಅದನ್ನು ದಿನಾ ನೀರು ಎನ್ನುವವನು.

"ಯಾರ್ದ್ಲಾ ಚಲುವ?"

ಚಲುವರಾಜು ಕನ್ನಡಕ ಸರಿಮಾಡಿಕೊಂಡು ನಕ್ಕ. ಅಷ್ಟೆ. ಮುಂದಿನದೆಲ್ಲ ಆ ನಗುವಿನಿಂದ ಆಯಿತು.

"ತಗಂಡ್ಬುಟ್ಟಾ?" ಎಂದು ಚಿಕ್ಕಬೋರಮ್ಮ ಕಾರಿನ ಸುತ್ತ ಬಂದಳು. ಅದು ಹೊಳಪಿಲ್ಲದ ಬೂದಿ ಬಣ್ಣದ ಕಾರು, ಆ ಬಣ್ಣಕ್ಕೆ ಜರ್ಮನಿಯವರು ಬೇರೆ ದುಡ್ಡು ಇಸಿದುಕೊಳ್ಳುತ್ತಾರೆ. "ಅಯ್ಯೋ, ಬಣ್ಣಾನೇ ಒಡ್ಸಿಲ್ವಲ್ಲೋ. ಬರೀ ಸಿಮೆಂಟ್ ಬಳ್ಸಿ ನಿಲ್ಸಿದ್ದೀಯೆ. ದುಡ್ಡು ಸಾಲ್ದಾಯ್ತಾ?"

ಕಾರು ಗುಡುಗಿ ಮುಂದೆ ಹೋಯಿತು. ಅದು ಊರಾಚೆಯ ಹಲಸಿನ ಮರ ದಾಟುವುದಕ್ಕೆ ಮೊದಲೇ ಚಿಕ್ಕಬೋರಮ್ಮನ ಫೋನು ಅಮೃತನ ತಾಯಿ ದೇವಿರಮ್ಮನನ್ನು ಮುಟ್ಟಿತ್ತು. ಆರುನೂರು ಕುದುರೆಯ ಎಂಜಿನ್ ಮಾಡಿದ ಜರ್ಮನಿಯವರು ಚಿಕ್ಕಬೋರಮ್ಮನನ್ನು ನೋಡಿರಲಿಲ್ಲ.

"ದೇವಿರವ್ವ, ನಿನ್ನ ಅಳಿಯ ಕಾರು ತಗಂಡವ್ನೆ ಕಣವ್ವ. ಲಾರಿ ಅಷ್ಟುದ್ದ ಐತೆ. ದುಡ್ಡೆಲ್ಲಿಂದ ಬಂತೋ ಕಾಣೆ. ನಾಲೆ ಕೆಳಗ್ಲ ಗದ್ದೆ ತಾವ ಮೊನ್ನೆ ಯಾರೋ ಟೇಪು ಇಡ್ಕಂಡು ಅಳೀತಿದ್ರಪ್ಪ. ನಂಗ್ಯಾಕೆ ಬುಡು."

ಅಳೆಯುತ್ತಿದ್ದವರು ನಾಲೆ ರಿಪೇರಿಯವರು. ದೇವಿರಮ್ಮನಿಗೆ ಅದು ಗೊತ್ತಿಲ್ಲ. ಫೋನು ಇಟ್ಟವಳೇ "ಗದ್ದೆ ಮಾರ್ಬುಟ್ಟ!" ಎಂದು ಎದೆ ಎದೆ ಬಡಿದುಕೊಂಡಳು. ಅಮೃತ ಕಾಳು ಬಿಡಿಸುತ್ತಿದ್ದವಳು ಎದ್ದು ನಿಂತಳು. ಮಡಿಲಲ್ಲಿದ್ದ ಅವರೆಕಾಯೆಲ್ಲ ನೆಲದ ಮೇಲೆ ಚೆಲ್ಲಿತು. ಆ ಒಂದೂವರೆ ಎಕರೆ ಬಿಟ್ಟರೆ ಅವಳ ಸಂಸಾರಕ್ಕೆ ಇದ್ದದ್ದು ಲ್ಯಾಕ್ಟೋಮೀಟರ್ ಮಾತ್ರ.

ಇತ್ತ ಚಲುವರಾಜುವಿನ ಎಡಗಾಲು ತೊಂದರೆ ಕೊಡುತ್ತಿತ್ತು. ಪಿಕಪ್ ಓಡಿಸಿ ರೂಢಿಯಾದ ಕಾಲು ಇಲ್ಲದ ಕ್ಲಚ್ಚನ್ನು ಹುಡುಕಿ ಹುಡುಕಿ ಬ್ರೇಕನ್ನೇ ತುಳಿಯುತ್ತಿತ್ತು. ಹಾಗೆ ತುಳಿದಾಗಲೆಲ್ಲ ಎರಡು ಟನ್ನಿನ ಕಾರು ಗಕ್ಕೆಂದು ನಿಂತು ಅವನ ಹಣೆಯನ್ನು ಸ್ಟೇರಿಂಗಿಗೆ ಪರಿಚಯಿಸುತ್ತಿತ್ತು. ಮದ್ದೂರು ಬರುವ ಹೊತ್ತಿಗೆ ಅವನು ಎಡಗಾಲನ್ನು ಮಡಿಸಿ ತೊಡೆಯ ಕೆಳಗೆ ಹಾಕಿಕೊಂಡಿದ್ದ. ಈ ಭಂಗಿಯಲ್ಲಿ ಆ ಕಾರನ್ನು ಓಡಿಸಿದವರು ಲೋಕದಲ್ಲಿ ಬೇರೆ ಇರಲಾರರು.

ಮದ್ದೂರಿನ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದಾಗ ಮ್ಯಾನೇಜರ್ ಅಶೋಕ್ ತಾನೇ ಎದ್ದು ಬಂದ. ಬಂಕಿನವರೆಲ್ಲ ಕಾರಿನ ಸುತ್ತ ಸೇರಿದರು.

"ಈ ಎಂಜಿನ್‌ಗೆ ಎಂತೆಂಥದೋ ಪೆಟ್ರೋಲು ಆಗಾಕಿಲ್ಲ," ಎಂದ ಚಲುವರಾಜು. "ಮೊದ್ಲು ಪರೀಕ್ಷೆ ಮಾಡ್ಬೇಕು."

ಅಶೋಕ್ ಐದು ಲೀಟರಿನ ಅಳತೆ ಕ್ಯಾನಿಗೆ ಪೆಟ್ರೋಲು ಹಿಡಿದು ತಂದ. ಚಲುವರಾಜು ಜೇಬಿನಿಂದ ಲ್ಯಾಕ್ಟೋಮೀಟರ್ ತೆಗೆದು, ಕಣ್ಣು ಕಿರಿದು ಮಾಡಿ, ಹದಿನಾಲ್ಕು ವರ್ಷದ ಅನುಭವದಿಂದ ಅದನ್ನು ಇಳಿಬಿಟ್ಟ. ಹಾಲಿನಲ್ಲಿ ತೇಲುವ, ನೀರು ಬೆರೆತಷ್ಟೂ ಕೆಳಗಿಳಿಯುವ ಆ ಗಾಜಿನ ಕಡ್ಡಿ ಪೆಟ್ರೋಲಿನಲ್ಲಿ ಒಂದು ಕ್ಷಣವೂ ನಿಲ್ಲದೆ ಮುಳುಗಿ ತಳದಲ್ಲಿ ಟಣ್ ಎಂದಿತು.

"ನೀರು!" ಎಂದ ಚಲುವರಾಜು. "ಇಷ್ಟು ನೀರು ಚಿಕ್ಕಬೋರಮ್ಮನೂ ಬೆರ್ಸಾಕಿಲ್ಲ!"

"ಅಣ್ಣೋ, ಅದು ಹಾಲಿಂದು. ಪೆಟ್ರೋಲು ಹಾಲಿಗಿಂತ ತೆಳ್ಳಗೇ ಇರ್ತದೆ."

"ಅಳತೆ ಅಂದ್ಮೇಲೆ ಅಳತೆ ಕಣ್ರೀ."

"ಸರಿ. ಹಾಲೇ ಹಾಕುಸ್ಕಂತೀರಾ?"

ಬಂಕೆಲ್ಲ ನಕ್ಕಿತು. ಆ ನಗುವಿನ ಹಿಂದಿನಿಂದ ಒಂದು ಸ್ಕೂಟರು ಮುಂದೆ ಬಂತು. ಅದರ ಮೇಲಿದ್ದವರು ತಾಲ್ಲೂಕು ಕಚೇರಿಯ ಫುಡ್ ಇನ್‌ಸ್ಪೆಕ್ಟರ್ ಕಸ್ತೂರಿರಂಗ. ಹಣೆಗೆ ತೆಳುವಾದ ನಾಮ, ಕಂಕುಳಲ್ಲಿ ಫೈಲು, ಮಾತು ಮಾತ್ರ ಬಹಳ ಮೃದು.

"ನೀವು ಕೊಪ್ಪದ ಚಲುವರಾಜು ಅಲ್ಲವೇ? ಹೋದ ತಿಂಗಳು ನಮ್ಮ ಕಚೇರಿಗೆ ಬಂದಿದ್ದಿರಿ. ಬಿಪಿಎಲ್ ಕಾರ್ಡು ರದ್ದು ಮಾಡಬೇಡಿ, ಬಡವ ಅಂತ ಅರ್ಜಿ ಬರೆದುಕೊಟ್ಟಿರಿ."

"ಹೌದು ಸಾರ್."

"ಅದರಲ್ಲಿ, ನನಗಿರುವುದು ಒಂದು ಹಳೆಯ ಬೈಕು, ಅದಕ್ಕೂ ಹಿಂದಿನ ಬ್ರೇಕಿಲ್ಲ ಅಂತ ಬರೆದಿದ್ದಿರಿ. ಓದಿ ನನಗೇ ಸಂಕಟವಾಯಿತು." ಕಸ್ತೂರಿರಂಗ ಕಾರಿನ ಮೂತಿಯಿಂದ ಬಾಲದವರೆಗೆ ನಿಧಾನವಾಗಿ ನಡೆದು ಬಂದರು. "ಇದಕ್ಕೆ ಹಿಂದಿನ ಬ್ರೇಕಿದೆಯೇ?"

ನನ್ನದಲ್ಲ ಸಾರ್ ಎಂದುಬಿಟ್ಟರೆ ಮುಗಿಯುತ್ತಿತ್ತು. ಆದರೆ ಅಶೋಕ್ ನೋಡುತ್ತಿದ್ದ, ಬಂಕಿನವರೆಲ್ಲ ನೋಡುತ್ತಿದ್ದರು, ಲ್ಯಾಕ್ಟೋಮೀಟರಿನ ಅವಮಾನ ಇನ್ನೂ ಹಸಿಯಾಗಿತ್ತು.

"ನಾಕಕ್ಕೂ ಐತೆ ಸಾರ್," ಎಂದ ಚಲುವರಾಜು. "ಸೆರಾಮಿಕ್ಕು."

"ಸಂತೋಷ," ಎಂದು ಕಸ್ತೂರಿರಂಗ ಫೈಲಿನ ಮೇಲೆ ಕಾರಿನ ನಂಬರು ಬರೆದುಕೊಂಡರು. "ಸೋಮವಾರ ಕಾರ್ಡು ತೆಗೆದುಕೊಂಡು ಬನ್ನಿ. ಇದರಲ್ಲೇ ಬನ್ನಿ, ನಮ್ಮ ಕಚೇರಿಯವರೂ ನೋಡಲಿ."

ಮಳವಳ್ಳಿ ದಾಟಿ ಮಾವನ ಊರಿಗೆ ತಿರುಗುವಾಗ ಚಲುವರಾಜುವಿನ ತಲೆಯಲ್ಲಿ ಸೋಮವಾರವೊಂದು ನೊಣದಂತೆ ಗುಂಯ್‌ಗುಡುತ್ತಿತ್ತು. ಅಮೃತ ಬಂದರೆ ಸಾಕು, ಉಳಿದದ್ದೆಲ್ಲ ಆಮೇಲೆ ನೋಡಿಕೊಂಡರಾಯಿತು ಎಂದುಕೊಂಡ.

ಮಾವ ಹೊನ್ನಯ್ಯನ ಮನೆಗೆ ಹೋಗಬೇಕಾದರೆ ಹೊನ್ನಯ್ಯನ ಹಂಪು ದಾಟಬೇಕು. ಕಬ್ಬಿನ ಟ್ರಾಕ್ಟರೊಂದು ಅವನ ಹುಂಜವನ್ನು ಅರೆದುಹಾಕಿದ ವರ್ಷ, ಹೊನ್ನಯ್ಯ ಯಾರ ಅಪ್ಪಣೆಯನ್ನೂ ಕಾಯದೆ ತಾನೇ ನಿಂತು ರಸ್ತೆಗೆ ಅಡ್ಡ ಹಾಕಿಸಿದ ಹಂಪು ಅದು. ಕಲ್ಲು, ಜಲ್ಲಿ, ಮೇಲೆ ಸಿಮೆಂಟು. ಎತ್ತರ ಮೊಣಕಾಲಿಗೆ ನಾಲ್ಕು ಬೆರಳು ಕಮ್ಮಿ. ಹಾಲಿನ ಆಟೋದವರು ಅದರ ಮುಂದೆ ಕೈಮುಗಿದು ಮೊದಲನೇ ಗೇರು ಹಾಕುತ್ತಿದ್ದರು. ಚಲುವರಾಜು ಅದನ್ನು ಬೈಕಿನಲ್ಲಿ ನೂರು ಸಲ ದಾಟಿದ್ದ. ಕಾರನ್ನು ಓರೆಯಾಗಿ ತಿರುಗಿಸಿ ಹತ್ತಿಸಿದಾಗ ಕೆಳಗೆ ಗರ್ರ್ ಎಂದು ಏನೋ ಉಜ್ಜಿತು. ಉಜ್ಜಿದ್ದು ಜರ್ಮನಿಯೋ ಹಂಪೋ ಎಂದು ಅವನು ಇಳಿದು ನೋಡಲಿಲ್ಲ.

ಮನೆಯ ಮುಂದೆ ಅರ್ಧ ಊರು ನಿಂತಿತ್ತು. ಜಗುಲಿಯ ಕಂಬಕ್ಕೆ ಒರಗಿ ಅಮೃತ ನಿಂತಿದ್ದಳು. ಒಂದು ತಿಂಗಳ ಮೇಲೆ ಗಂಡನನ್ನು ಕಂಡವಳು ಚೆನ್ನಾಗಿದ್ದೀರಾ ಎಂದು ಕೇಳಲಿಲ್ಲ.

"ಗದ್ದೆ ಮಾರುದ್ರಾ?"

"ಗದ್ದೆನಾ? ಯಾವ ಗದ್ದೆ?"

"ಓ, ಯಾವ್ದು ಅನ್ನೋದೂ ಮರ್ತೋಗೈತೆ!" ಎಂದಳು ದೇವಿರಮ್ಮ. "ನನ್ನ ಮಗಳ ಬಾಯಿಗೆ ಮಣ್ಣಾಕ್ದ ಕಣಪ್ಪೋ!"

ಆದರೆ ಹೊನ್ನಯ್ಯನ ಲೆಕ್ಕವೇ ಬೇರೆ. ಅಳಿಯ ಹಾಲಿನ ಕಡ್ಡಿ ಹಿಡಿದವನು ಎಂದು ಊರವರು ಹತ್ತು ವರ್ಷ ಆಡಿಕೊಂಡಿದ್ದನ್ನು ಅವನು ಮರೆತಿರಲಿಲ್ಲ. ಇವತ್ತು ಆ ಊರವರ ಬಾಯಿ ತೆರೆದೇ ಇತ್ತು. ಅದೂ ಪಕ್ಕದ ಆಲೆಮನೆಯ ಕರಿಯಪ್ಪನ ಬಾಯಿ.

"ಸುಮ್ಕಿರಮ್ಮಿ! ಬನ್ನಿ ಅಳಿಯಂದ್ರೆ, ಬನ್ನಿ. ಕರಿಯಪ್ಪ, ನೋಡ್ಲಾ, ನಮ್ಮ ಅಳಿಯಂದ್ರು ಕಾರು! ಎಷ್ಟು ಕುದ್ರೆ ಅಂದ್ರಿ?"

"ಆರ್ನೂರು, ಮಾವ."

"ಆರ್ನೂರು!" ಎಂದ ಕರಿಯಪ್ಪ. ಅವನದು ನೂರಹತ್ತು ಕೇಜಿಯ ದೇಹ. "ಅಷ್ಟಕ್ಕೂ ಉಳ್ಳಿಕಾಳು ಯಾರು ಬೇಯ್ಸಾಕ್ತಾರೆ?"

ಚಲುವರಾಜುವಿನ ಬಾಯಿಯವರೆಗೆ ಸತ್ಯ ಬಂದಿತ್ತು. ಅಷ್ಟರಲ್ಲಿ ಮಾವ ಅವನ ಹೆಗಲ ಮೇಲೆ ಕೈ ಹಾಕಿದ. ಹತ್ತು ವರ್ಷದಲ್ಲಿ ಮೊದಲ ಸಲ. ಸತ್ಯ ಹಿಂದಕ್ಕೆ ಹೋಯಿತು.

ಕಾರು ತಂದ ಅಳಿಯನನ್ನು ಬರಿಗೈಲಿ ಕಳಿಸುವುದುಂಟೇ? ಡಿಕ್ಕಿ ತೆರೆಸಿ ಹೊನ್ನಯ್ಯ ಎರಡು ಮೂಟೆ ರಾಗಿ ಹಾಕಿಸಿದ. ಅದರ ಮೇಲೆ ಒಂದು ಮೂಟೆ ತೆಂಗಿನಕಾಯಿ. ಕರಿಯಪ್ಪ ತನ್ನ ಲೆಕ್ಕದಲ್ಲಿ ಒಂದು ಪಿಂಡಿಗೆ ಬೆಲ್ಲ ತಂದಿಟ್ಟ. ಮಗಳ ಬ್ಯಾಗನ್ನೂ ಮಗಳನ್ನು ಕೇಳದೆ ಹೊನ್ನಯ್ಯನೇ ತಂದು ಬೆಲ್ಲದ ಮೇಲಿಟ್ಟ.

"ನಾನು ಓಯ್ತೀನಿ ಅಂದ್ನಾ?" ಎಂದಳು ಅಮೃತ.

"ಒಂದು ರೌಂಡು ಕುಂತ್ಕಳವ್ವ. ಕುಂತ್ಮೇಲೆ ಯೋಳು."

"ಹಂಪುಗಂಟ ಕುಂತ್ಕತೀನಿ. ಗದ್ದೆ ಮಾರಿದ್ರೆ ಅಲ್ಲೇ ಇಳ್ಕತೀನಿ."

ಮುಂದೆ ಹೊನ್ನಯ್ಯ. ಹಿಂದೆ ಅಮೃತ, ದೇವಿರಮ್ಮ, ಅವರಿಬ್ಬರ ನಡುವೆ ಕರಿಯಪ್ಪ. ಮಾವನಿಗೆ ಸದ್ದು ಕೇಳಿಸಬೇಕೆಂದು ಚಲುವರಾಜು ರೇಸಿನ ಗುಂಡಿ ಒತ್ತಿದ. ಕಾರು ಹುಲಿಯಂತೆ ಗುರುಗುಟ್ಟಿತು. ಆ ಗುಂಡಿ ಒತ್ತಿದರೆ ಕಾರಿನ ಮೈ ಇನ್ನೂ ಒಂದು ಬೆರಳು ನೆಲಕ್ಕೆ ತಗ್ಗುತ್ತದೆ ಎಂಬುದೂ ಅವನಿಗೆ ಗೊತ್ತಿತ್ತು. ಗೊತ್ತಿದ್ದದ್ದು ಆ ಹೊತ್ತಿನಲ್ಲಿ ನೆನಪಾಗಲಿಲ್ಲ.

"ಇಡ್ಕಳಿ ಮಾವ. ಮೂರು ಪಾಯಿಂಟ್ ಆರು ಸೆಕೆಂಡ್ಗೆ ನೂರು ಮುಟ್ತದೆ. ನಾಕು ಚಕ್ರನೂ ಎಳೀತವೆ. ಇದು ಎಲ್ಲೂ ಸಿಕ್ಕಾಕ್ಕಳ ಮಾತೇ ಇಲ್ಲ."

ಮುಂದಿನ ಚಕ್ರಗಳು ಹಂಪು ಹತ್ತಿ ಇಳಿದವು. ಆಮೇಲೆ ದಡ್ ಎಂದು ಸದ್ದಾಯಿತು. ಕಾರು ಹಂಪಿನ ಮೇಲೆ ಹೊಟ್ಟೆಯಿಟ್ಟು ಕೂತುಬಿಟ್ಟಿತು, ಮೊಟ್ಟೆಗೆ ಕೂತ ಕೋಳಿಯಂತೆ. ಚಲುವರಾಜು ತುಳಿದ. ನಾಲ್ಕು ಚಕ್ರವೂ ತಮ್ಮ ತಮ್ಮ ಪಾಲಿನ ಮುದ್ದೆ ಇಸಿದುಕೊಂಡು ಪ್ರಾಮಾಣಿಕವಾಗಿ ತಿರುಗಿದವು. ಒಂದು ಚಕ್ರದ್ದು ಕಿತ್ತು ಇನ್ನೊಂದಕ್ಕೆ ಕೊಡೋಣವೆಂದರೆ ಯಾವುದೂ ಸರಿಯಾಗಿ ನೆಲ ಕಚ್ಚಿರಲಿಲ್ಲ. ಧೂಳೆದ್ದು ಊರೇ ಕೆಮ್ಮಿತು. ಕಾರು ಒಂದು ಅಂಗುಲ ಕದಲಲಿಲ್ಲ.

"ಮೂರ್ ಸೆಕೆಂಡ್ ಆಯ್ತಾ?" ಎಂದ ಕರಿಯಪ್ಪ.

"ನನ್ನ ಹಂಪು ಅಂದ್ರೆ ಏನ್ಲಾ ಮತ್ತೆ," ಎಂದ ಹೊನ್ನಯ್ಯ. ಅವನ ದನಿಯಲ್ಲಿ ಅಳಿಯನ ಮೇಲಿನ ಮರುಕಕ್ಕಿಂತ ಹಂಪಿನ ಹೆಮ್ಮೆ ಹೆಚ್ಚಿತ್ತು.

ಅದೇ ಹೊತ್ತಿಗೆ ಕಾರಿನ ಮುಂದಿನ ಪರದೆಯಲ್ಲಿ ಹಸಿರು ಗುರುತೊಂದು ಮಿನುಗತೊಡಗಿತು. ದಾರಿಯಲ್ಲಿ ಹಾಡು ಕೇಳಲು ಚಲುವರಾಜು ತನ್ನ ಫೋನನ್ನು ಕಾರಿಗೆ ಜೋಡಿಸಿದ್ದ. ಈಗ ಆ ಫೋನಿಗೆ ಯಾರೋ ಕರೆ ಮಾಡುತ್ತಿದ್ದರು. "ಮುಟ್ಬೇಡಿ ಮಾವ!" ಎನ್ನುವಷ್ಟರಲ್ಲಿ ಹೊನ್ನಯ್ಯ ಬೆರಳಿಟ್ಟಾಗಿತ್ತು.

ಹತ್ತೊಂಬತ್ತು ಸ್ಪೀಕರಿನಲ್ಲಿ ಶಶಿಧರ್ ಮೊಳಗಿದ.

"ಲೇ ಚಲುವ! ನನ್ನ ಕಾರ ಮಳವಳ್ಳಿ ತಾವ ಯಾಕ್ಲಾ ತಗಂಡೋಗಿದ್ದೀಯೆ? ಒಂದು ರೌಂಡು ಓಡ್ಸು ಅಂದ್ರೆ ಜಿಲ್ಲೆ ಸುತ್ತಿಯಾ? ಕಾರು ಓರೆ ನಿಂತದೆ, ಯಾರೋ ಎತ್ತಾವ್ರೆ ಅಂತ ನನ್ನ ಫೋನು ಬಡ್ಕತಾ ಐತೆ!"

ಕಿಟಕಿಗಳೆಲ್ಲ ತೆರೆದಿದ್ದವು. ಸ್ಪೀಕರು ಜರ್ಮನಿಯವು. ಬೀದಿಯ ಕೊನೆಯಲ್ಲಿ ದನ ಕಟ್ಟುತ್ತಿದ್ದವರಿಗೂ ಒಂದಕ್ಷರ ಬಿಡದೆ ಕೇಳಿಸಿತು.

ಹೊನ್ನಯ್ಯ ಅಳಿಯನ ಕಡೆ ತಿರುಗಿ ನೋಡಲಿಲ್ಲ. ಚಲುವರಾಜು ಕನ್ನಡಕ ತೆಗೆದು, ಏನು ಮಾಡುವುದೆಂದು ತಿಳಿಯದೆ ಮತ್ತೆ ಹಾಕಿಕೊಂಡ. ಹಿಂದಿನ ಸೀಟಿನಿಂದ ಅಮೃತನ ದನಿ ಬಂತು.

"ಅಂಗಾದ್ರೆ ಗದ್ದೆ?"

"ಐತೆ."

"ಎಲ್ಲೈತೆ?"

"ಇದ್ದ ತಾವೇ ಐತೆ. ಮೊನ್ನೆ ನಾಟಿ ಆಯ್ತು. ನಿನ್ನೆ ನೀರೂ ಕಟ್ಟಿದ್ದೀನಿ."

"ಕಾರು ನಿಮ್ದಲ್ವಾ?"

"ಇದ್ರಲ್ಲಿ ಒಂದು ನಟ್ಟೂ ನಂದಲ್ಲ ಕಣೆ." ಅವನ ದನಿ ಸಣ್ಣಗಾಗಿತ್ತು. "ನೀನು ಒಂದ್ಸಲ ಕುಂತ್ಕಂಡ್ರೆ ಬತ್ತೀಯೇನೋ ಅಂತ ತಂದೆ."

"ಅಪ್ಪಾ ಮಾದಪ್ಪ! ಗದ್ದೆ ಉಳೀತು!" ಎಂದು ದೇವಿರಮ್ಮ ಸಂತೋಷಕ್ಕೆ ಕರಿಯಪ್ಪನ ತೊಡೆಗೇ ಒಂದು ಬಾರಿಸಿದಳು.

ಅಮೃತ ನಗಬಾರದೆಂದು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ತಡೆಯಲಾಗಲಿಲ್ಲ. ನಕ್ಕು ನಕ್ಕು ಕಣ್ಣೊರೆಸಿಕೊಂಡು, "ಎಲ್ರೂ ಇಳೀರಿ ಮೊದ್ಲು," ಎಂದಳು. ತಾನೂ ಇಳಿದು ಬಂದು ಗಂಡನ ಕಿಟಕಿಗೆ ಬಗ್ಗಿದಳು. "ಆ ರೇಸಿಂದು ತಗೀರಿ. ಗಾಳಿ ಚೀಲ ಉಬ್ಸೋ ಗುಂಡಿ ಒಂದೈತಲ್ಲ, ಒತ್ತುದ್ರೆ ಹಸ ಎದ್ದಂಗೆ ಏಳ್ತದೆ ಅಂತ ನಂಗೆ ಹಲ್ಲು ನೋವು ಬಂದ ದಿನ ಯೋಳ್ತಿರ್ನಿಲ್ವಾ. ಅದ ಒತ್ತಿ."

ಚಲುವರಾಜು ತೆರೆದ ಬಾಯಿ ಮುಚ್ಚದೆ ಹುಡುಕಿ ಒತ್ತಿದ. ಜನ ಇಳಿದು ಹಗುರಾಗಿದ್ದ ಕಾರು ಸುಯ್ಯೆಂದು ಉಸಿರೆಳೆದು ನಿಧಾನಕ್ಕೆ ಮೇಲೆದ್ದಿತು. ಹೊಟ್ಟೆ ಹಂಪನ್ನು ಬಿಟ್ಟಿತು. ಒಂದು ಸಲ ಮೆಲ್ಲಗೆ ತುಳಿದದ್ದಕ್ಕೆ ಆಚೆ ಇಳಿಯಿತು. ಊರವರು ಚಪ್ಪಾಳೆ ತಟ್ಟಿದರು, ಕಾರಿಗಲ್ಲ, ಅಮೃತನಿಗೆ. ಹೊನ್ನಯ್ಯ ಹಂಪಿನ ಮೇಲೆ ಕೂತು ಅದಕ್ಕೇನಾದರೂ ಪೆಟ್ಟಾಗಿದೆಯೇ ಎಂದು ಕೈಯಾಡಿಸಿ ನೋಡಿದ.

ಬೆಟ್ಟದಿಂದ ಟೆಂಪೋದಲ್ಲಿ ವಾಪಸು ಬರುತ್ತಿದ್ದ ಶಶಿಧರ್ ಮುಕ್ಕಾಲು ಗಂಟೆಯಲ್ಲಿ ಬಂದಿಳಿದ. ನೆಲದ ಮೇಲೆ ಅಂಗಾತ ಮಲಗಿ ಕಾರಿನ ಕೆಳಗೆಲ್ಲ ಟಾರ್ಚು ಬಿಟ್ಟು ನೋಡಿದ. ಒಂದು ಉದ್ದನೆಯ ಗೀರು ಬಿಟ್ಟರೆ ಏನೂ ಆಗಿರಲಿಲ್ಲ. ಬೈಯಲು ಬಾಯಿ ತೆರೆದವನಿಗೆ ದೇವಿರಮ್ಮ ಕಾಫಿ ಕೊಟ್ಟಳು. ಹೊನ್ನಯ್ಯ ಒಂದು ಮೂಟೆ ರಾಗಿಯನ್ನೂ ಬೆಲ್ಲದ ಪಿಂಡಿಗೆಯನ್ನೂ ಅವನಿಗೇ ಎಂದುಬಿಟ್ಟ. ಗೀರು ಅಷ್ಟರಲ್ಲೇ ಮಾಸಿತು. ಕಾರಿನಲ್ಲಿ ಕೊಪ್ಪಕ್ಕೆ ಬಿಡುತ್ತೇನೆ ಎಂದು ಅವನು ಕರೆದಾಗ ಅಮೃತ ಬೇಡವೆಂದಳು.

"ಬಸ್ಸಲ್ಲಿ ಓಯ್ತೀವಿ ಕಣಣ್ಣ. ನಮ್ಮೆಜಮಾನ್ರಿಗೆ ಕಾರಿಗೆ ಕುಂತ್ರೆ ಆಗಾಕಿಲ್ಲ."

ಬಸ್ ನಿಲ್ದಾಣದಲ್ಲಿ ಅವನು ಬಂಕಿನಲ್ಲಿ ಆದದ್ದನ್ನೂ ಒಪ್ಪಿಕೊಂಡ. ಎಲ್ಲ ಕೇಳಿ ಅವಳು ಷರತ್ತು ಹೇಳಿದಳು. "ಸೋಮವಾರ ಆ ಇನ್‌ಸ್ಪೆಕ್ಟರ್ ತಾವ ನಾನೂ ಬತ್ತೀನಿ. ಕಾರು ತನ್ದು ಅಂತ ಶಶಿಯಣ್ಣನ ಕೈಲಿ ಬರ್ಸ್ಕಂಡು ಓಗನ. ನೀವು ಬಾಯಿ ಬುಡ್ಬೇಡಿ. ಮನೇಲೂ ಅಷ್ಟೆ. ಕಾರಿನ ವಿಚಾರ ಒಂದು ಮಾತು ನಿಮ್ಮ ಬಾಯಿಂದ ಬಂದ್ರೆ ಇದೇ ಬಸ್ಸಲ್ಲಿ ವಾಪ್ಸು ಬತ್ತೀನಿ."

"ಆಯ್ತು."

"ಇವತ್ತಿಂದ."

"ಆಯ್ತು ಕಣೆ."

ಬಸ್ಸಿನಲ್ಲಿ ಅವಳಿಗೆ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಕಿಟಕಿಯ ಗಾಜಿನ ಮೇಲೆ ಕಬ್ಬಿನ ರಸ್ತೆಯ ಧೂಳು ದಪ್ಪಗೆ ಕೂತಿತ್ತು. ದಿಣ್ಣೆ ಹತ್ತುವಾಗ ಬಸ್ಸು ನರಳಿತು. ಅಮೃತ ಗಂಡನ ಮುಖ ನೋಡಿದಳು. ಅವನು ಮುಂದಿನ ಸೀಟಿನ ಕಂಬಿ ನೋಡುತ್ತಿದ್ದ. ಮದ್ದೂರು ದಾಟುವವರೆಗೂ ಅವನು ಅದನ್ನೇ ನೋಡಿದ. ಹಿಂದಿನ ಸೀಟಿನ ಮುದುಕಿಯೊಬ್ಬಳು ಅಮೃತನನ್ನು, ಆ ಬೂದಿ ಕಾರು ಹಂಪಿಗೆ ಸಿಕ್ಕಿಕೊಂಡಿತಂತಲ್ಲ, ಅದೇನು ಅಂಥಾ ಕಾರವ್ವ ಎಂದು ಕೇಳಿದಳು. ಸುದ್ದಿ ಬಸ್ಸಿಗಿಂತ ಮುಂಚೆ ಬಂದಿತ್ತು.

"ಅದಾ ಅಜ್ಜಿ?" ಎಂದು ಅಮೃತ ಪೂರ್ತಿ ಹಿಂದಕ್ಕೆ ತಿರುಗಿದಳು. "ಎಂಟು ಸಿಲಿಂಡ್ರು. ನಾಕು ಚಕ್ರನೂ ಎಳೀತವೆ. ಎಂಜಿನ್ ಸಕ್ತಿ ಐತಲ್ಲ, ಅದ್ನ ಮುದ್ದೆ ಥರ ಪಾಲು ಮಾಡ್ತದೆ. ಮುಂದ್ಲ ಚಕ್ರಕ್ಕೆ ಅರವತ್ತು. ಇಂದ್ಲುದ್ಕೆ ನಲ್ವತ್ತು."

ಚಲು​ವರಾಜುವಿನ ಬೆನ್ನು ನೆಟ್ಟಗಾಯಿತು.

"ಅರವತ್ತು ಮುಂದ್ಕಾ?" ಎಂದಳು ಮುದುಕಿ.

"ಊಂ. ಮುಂದ್ಕೇ ಅರವತ್ತು," ಎಂದಳು ಅಮೃತ, ಒತ್ತಿ, ಗಂಡನ ಕಿವಿಯ ಪಕ್ಕದಲ್ಲೇ.

ಅವನು ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದ. ತುಟಿ ಎರಡು ಸಲ ಬಿರಿದು ಎರಡು ಸಲ ಮುಚ್ಚಿತು. ಹಾಗೇ ಆರು ಮೈಲಿ ಹೋಯಿತು. ಅಮೃತ ಏನೂ ಆಗದವಳಂತೆ ಮುದುಕಿ ಕೊಟ್ಟ ಕಡಲೆಕಾಯಿ ಬಿಡಿಸುತ್ತಿದ್ದಳು.

ಕೊಪ್ಪದ ಮರಗಳು ಕಂಡಾಗ ಅವನ ಕೈ ಕಂಬಿ ಬಿಟ್ಟು ಮೆಲ್ಲಗೆ ಅವಳ ಮುಂದಿನಿಂದ ಕಿಟಕಿಯ ಕಡೆಗೆ ಚಾಚಿತು. ಧೂಳಿನ ಮೇಲೆ ಬೆರಳಿನಿಂದ ಬರೆದ: ಮುಂದೆ ೪೦, ಹಿಂದೆ ೬೦. ಬರೆದು, ದೊಡ್ಡದೊಂದು ಉಸಿರು ಬಿಟ್ಟು, ಕೈ ಹಿಂದಕ್ಕೆ ತೆಗೆದುಕೊಂಡ.

ಅಮೃತ ಗಾಜನ್ನು ನೋಡಿದಳು. ಬಾಯಿಂದ ಬಂದದ್ದಲ್ಲ. ಷರತ್ತಿನಲ್ಲಿ ಬೆರಳಿನ ಮಾತು ಇರಲಿಲ್ಲ. ಸೆರಗಿನ ತುದಿಯಿಂದ ಅದನ್ನು ಒರೆಸಿ ಹಾಕಿ, ತನ್ನ ಬ್ಯಾಗನ್ನು ಎತ್ತಿ ಅವನ ತೊಡೆಯ ಮೇಲಿಟ್ಟಳು.

"ಇಡ್ಕಳಿ," ಎಂದಳು. "ನಮ್ಮೂರು ಬಂತು."